ಯರಗೋಳ್ ದಡದಲ್ಲಿ ಹೋಟೆಲ್ ಬೇಕಾ? ಏಪ್ರಿಲ್ ತಿಂಗಳಲ್ಲಿ ನಿಂತು ಕೇಳಬೇಕಾದ ಪ್ರಶ್ನೆ

ಇವತ್ತಿನ ಸಂಚಿಕೆ ಬಂಗಾರಪೇಟೆ ಮತ್ತು ಕೆಜಿಎಫ್ ಕಡೆಯವರಿಗೆ. ಬೇರೆ ಊರಿನವರೂ ಕೇಳಿ, ಯಾಕಂದ್ರೆ ನಿಮ್ಮೂರಲ್ಲೂ ಒಂದು ಕೆರೆ ಇರುತ್ತೆ, ಅದರ ಪಕ್ಕ ಒಂದು ರೆಸಾರ್ಟ್ ಬರಲಿ ಅನ್ನೋ ಮಾತೂ ಇರುತ್ತೆ.

ವಿಷಯ ಇದು. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಅಣೆಕಟ್ಟೆ ನಿಮಗೆ ಗೊತ್ತಿರಬಹುದು. ಮಳೆಗಾಲ ಬಂದ್ರೆ ಫೋನ್ ತುಂಬಾ ಅದರ ರೀಲ್ಸ್. ಹಸಿರು ಗುಡ್ಡ, ನಡುವೆ ನೀರು, ಮೇಲಿಂದ ಡ್ರೋನ್ ಶಾಟ್. ಕೋಲಾರ ಜಿಲ್ಲೆ ಅಂದ್ರೆ ಒಣ ಭೂಮಿ ಅಂತ ಅಂದುಕೊಂಡವರು "ಇದು ನಿಜವಾಗ್ಲೂ ಕೋಲಾರಾನಾ?" ಅಂತ ಕೇಳ್ತಾರೆ. ಅದರ ಜೊತೆಗೇ ಇನ್ನೊಂದು ಮಾತು ಶುರುವಾಗಿದೆ. ಇದನ್ನ ಪ್ರವಾಸಿ ತಾಣ ಮಾಡಬೇಕು, ಬೃಂದಾವನದ ಥರ ಉದ್ಯಾನ ಬೇಕು, ಬೋಟಿಂಗ್ ಬೇಕು, ದಡದಲ್ಲಿ ಒಂದೊಳ್ಳೆ ಹೋಟೆಲ್ ಬೇಕು ಅಂತ. ಬೇತಮಂಗಲ ಕೆರೆ ಬಗ್ಗೆಯೂ ಹೀಗೇ ಮಾತಾಡ್ತಾರೆ.

ನಾನು ಇವತ್ತು ಮಾತಾಡ್ತಿರೋದು ಒಂದು ಟೆಂಡರ್ ಬಗ್ಗೆ ಅಲ್ಲ, ಒಂದು ಆಸೆ ಬಗ್ಗೆ. ಆಸೆ ನಕ್ಷೆ ಆಗೋ ಮುಂಚೆ ಅದರ ಬಗ್ಗೆ ಮಾತಾಡೋದು ಸುಲಭ. ನಕ್ಷೆ ಆದ್ಮೇಲೆ ಮಾತಾಡಿದ್ರೆ ಅದಕ್ಕೆ ವಿರೋಧ ಅಂತ ಹೆಸರು ಬರುತ್ತೆ.

ಮೊದಲು, ಈ ಆಸೆ ಈಗಲೇ ಯಾಕೆ ಜೋರಾಯ್ತು? ಒಂದು ಕಾರಣ ರಸ್ತೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ವೇ ಇದೆಯಲ್ಲ, ಅದರಲ್ಲಿ ಕರ್ನಾಟಕದೊಳಗಿನ ಭಾಗ, ಹೊಸಕೋಟೆಯಿಂದ ಬೇತಮಂಗಲದ ತನಕ ಸುಮಾರು 71 ಕಿಲೋಮೀಟರ್, 2024ರ ಡಿಸೆಂಬರ್‌ನಲ್ಲಿ ವಾಹನಗಳಿಗೆ ತೆರೆದುಕೊಳ್ತು. ಮಾಲೂರು, ಬಂಗಾರಪೇಟೆ ದಾಟಿ ನೇರ ಬೇತಮಂಗಲ. ವೀಕೆಂಡ್‌ನಲ್ಲಿ ಬೆಂಗಳೂರಿನ ಕಾರು ನಂದಿಬೆಟ್ಟಕ್ಕೇ ಹೋಗಬೇಕು ಅಂತೇನಿಲ್ಲ ಈಗ. ಎರಡನೇ ಕಾರಣ ಸಿನಿಮಾ. 2018ರಲ್ಲಿ, ಮತ್ತೆ 2022ರಲ್ಲಿ ಬಂದ ಕೆಜಿಎಫ್ ಚಿತ್ರಗಳಿಂದ ನಮ್ಮೂರ ಹೆಸರು ಇಡೀ ದೇಶಕ್ಕೆ ಗೊತ್ತಾಯ್ತು. ಮೂರನೇದು, ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಜನ ಮೊದಲಿಂದಲೂ ಬರ್ತಾರೆ. ಬಂದವರು ಬಂಗಾರಪೇಟೆಯಲ್ಲಿ ಪಾನಿಪುರಿ ತಿಂದು ಸಂಜೆಗೆ ವಾಪಸ್. ರಾತ್ರಿ ಉಳಿಯೋದಕ್ಕೆ ಜಾಗ ಇಲ್ಲ, ಉಳಿಯೋ ಕಾರಣವೂ ಇಲ್ಲ. ಹಾಗಾಗಿ ದುಡ್ಡೂ ಇಲ್ಲಿ ಉಳಿಯಲ್ಲ.

ಈಗ ಊರಿನವರು ಏನಂತಾರೆ ನೋಡೋಣ. ಮೊದಲು "ಬೇಕು" ಅನ್ನೋರು.

ಬೆಳಗ್ಗೆ ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗೋ ಟ್ರೈನ್ ನೋಡಿದ್ದೀರಾ? ಕತ್ತಲೆ ಇರೋವಾಗ್ಲೇ ಪ್ಲಾಟ್‌ಫಾರ್ಮ್ ತುಂಬಿರುತ್ತೆ. ಐಟಿಐ ಓದಿದವರು, ಡಿಗ್ರಿ ಓದಿದವರು, ಸೆಕ್ಯೂರಿಟಿ ಕೆಲಸದವರು, ಮಾಲ್‌ನಲ್ಲಿ ಬಿಲ್ಲಿಂಗ್ ಮಾಡೋ ಹುಡುಗಿಯರು. ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. ಕೆಜಿಎಫ್‌ನಲ್ಲಿ ಇದು 25 ವರ್ಷದ ಕಥೆ. ಬಿಜಿಎಂಎಲ್, ಅಂದ್ರೆ ಭಾರತ್ ಗೋಲ್ಡ್ ಮೈನ್ಸ್, 2001ರ ಫೆಬ್ರುವರಿ 28ಕ್ಕೆ ಮುಚ್ಚಿತು. ಅವತ್ತಿಂದ ಊರಿನ ಮುಖ್ಯ ಉದ್ಯೋಗ ಅಂದ್ರೆ ಟ್ರೈನ್ ಹತ್ತೋದು. ಆ ಟ್ರೈನ್‌ನಲ್ಲಿ ನಿಂತುಕೊಂಡೇ ಪ್ರಯಾಣ ಮಾಡೋರಿಗೆ "ಹೋಟೆಲ್ ಬಂದ್ರೆ ಪರಿಸರ ಹಾಳು" ಅಂತ ಹೇಳಿ ನೋಡಿ. "ಅಣ್ಣಾ, ನಿನಗೆ ಕೆಲಸ ಇದೆ, ಮಾತಾಡ್ತೀಯ" ಅಂತಾರೆ. ಆ ಮಾತಲ್ಲಿ ನ್ಯಾಯ ಇದೆ. ಅದನ್ನ ಪಕ್ಕಕ್ಕೆ ತಳ್ಳಿ ಈ ಚರ್ಚೆ ಮಾಡೋಕೆ ಆಗಲ್ಲ.

ಅಣೆಕಟ್ಟೆಯ ಹತ್ತಿರದ ಹಳ್ಳಿಗಳಲ್ಲೂ ಬೇಕು ಅನ್ನೋರಿದ್ದಾರೆ. ಟೀ ಅಂಗಡಿ, ಜೋಳ ಸುಡೋ ಗಾಡಿ, ಆಟೋ, ಪಾರ್ಕಿಂಗ್. ಮಳೆಗಾಲದ ಭಾನುವಾರಗಳಲ್ಲಿ ಬರೋ ಜನ ನೋಡಿ ಅವರಿಗೂ ಲೆಕ್ಕ ಸಿಕ್ಕಿದೆ. ಅಣೆಕಟ್ಟೆಗೆ ರೈತರ ಜಮೀನು ಹೋಗಿದೆ, ಅರಣ್ಯವೂ ಮುಳುಗಿದೆ. ನೀರು ಪೈಪ್‌ನಲ್ಲಿ ಪಟ್ಟಣಗಳ ಕಡೆ ಹೋಗುತ್ತೆ, ನಮಗೆ ಏನು ಉಳೀತು ಅಂತ ಅವರು ಕೇಳಿದ್ರೆ ತಪ್ಪೇನು?

ಇನ್ನು "ಬೇಡ" ಅನ್ನೋರು. ಇವರಲ್ಲೂ ಎಲ್ಲರದ್ದೂ ಒಂದೇ ಕಾರಣ ಅಲ್ಲ.

ಬೂದಿಕೋಟೆ, ಕಾಮಸಮುದ್ರ ಕಡೆ ರೈತರಿಗೆ ಆನೆ ಚಿಂತೆ. ತಮಿಳುನಾಡು, ಆಂಧ್ರ ಗಡಿ ಕಾಡುಗಳಿಂದ ಆನೆಗಳು ಆ ಹೋಬಳಿಗಳಿಗೆ ಬರ್ತವೆ, ಬೆಳೆ ತುಳೀತವೆ, ಪ್ರಾಣಗಳೂ ಹೋಗಿವೆ. ನೀರಿನ ದಡದಲ್ಲಿ ರಾತ್ರಿಯೆಲ್ಲಾ ಲೈಟು, ಡಿಜೆ ಇದ್ರೆ ಆನೆ ದಾರಿ ಬದಲಿಸುತ್ತೆ. ಬದಲಿಸಿ ಯಾರ ಹೊಲಕ್ಕೆ ಹೋಗುತ್ತೆ ಅನ್ನೋದು ಅವರ ಪ್ರಶ್ನೆ.

ಮನೆ ನಡೆಸೋ ಹೆಣ್ಣುಮಕ್ಕಳಿಗೆ ನೀರಿನ ನೆನಪು ಹಸಿಯಾಗಿದೆ. ಸಾವಿರ ಅಡಿ ದಾಟಿದ ಬೋರ್‌ವೆಲ್, ಅದರಲ್ಲಿ ಫ್ಲೋರೈಡ್, ಟ್ಯಾಂಕರ್‌ಗೆ ಕಾಯೋದು, ಕ್ಯಾನ್ ನೀರಿಗೆ ಪ್ರತ್ಯೇಕ ದುಡ್ಡು. ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆ ಮೂಲಕ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಟ್ಟರು. ಕೆರೆ ತುಂಬಿದ್ದು ನಿಜ. ಆದರೆ ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಹೋರಾಟ ಮಾಡಿದ ಊರು ಇದು. ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋಯ್ತು. ನೀರು ಇದೆ ಅನ್ನೋದು ಒಂದು ಮಾತು, ಎಂಥಾ ನೀರು ಅನ್ನೋದು ಇನ್ನೊಂದು ಮಾತು ಅಂತ ಇಲ್ಲಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಸರಿ. ಈ ಎರಡೂ ಕಡೆ ಕೇಳಿದ ಮೇಲೆ ನಾನು ಒಂದು ಸಣ್ಣ ಲೆಕ್ಕ ಹಾಕಿದೆ. ನಿಮ್ಮ ಜೊತೆ ಹಂಚ್ಕೋತೀನಿ. ಫೋನ್‌ನಲ್ಲಿ ಕ್ಯಾಲ್ಕುಲೇಟರ್ ಓಪನ್ ಮಾಡ್ಕೊಳ್ಳಿ ಬೇಕಾದ್ರೆ.

ಯರಗೋಳ್ ಅಣೆಕಟ್ಟೆ ಕಟ್ಟಿರೋದು ಮಾರ್ಕಂಡೇಯ ನದಿಗೆ. ಕೋಲಾರ, ಬಂಗಾರಪೇಟೆ, ಮಾಲೂರು, ಈ ಮೂರು ಪಟ್ಟಣಕ್ಕೆ ಮತ್ತು ದಾರಿಯಲ್ಲಿರೋ ಹಳ್ಳಿಗಳಿಗೆ ಕುಡಿಯೋ ನೀರು ಕೊಡೋದಕ್ಕೆ. ತುಂಬಿದ್ರೆ ಅರ್ಧ ಟಿಎಂಸಿ ನೀರು. ಅರ್ಧ ಟಿಎಂಸಿ ಅಂದ್ರೆ ಸುಮಾರು 1,416 ಕೋಟಿ ಲೀಟರ್. ಕೇಳೋಕೆ ಭಾರಿ ದೊಡ್ಡದು. ಆದರೆ ಕೆಆರ್‌ಎಸ್‌ನಲ್ಲಿ 49 ಟಿಎಂಸಿ ದಾಟಿ ಹಿಡಿಯುತ್ತೆ. ನಮ್ಮದು ಅದರ ನೂರರಲ್ಲಿ ಒಂದು ಪಾಲು.

ಮೂರು ಪಟ್ಟಣಗಳ ಜನಸಂಖ್ಯೆ 2011ರ ಜನಗಣತಿಯಲ್ಲಿ ಸೇರಿಸಿ 2 ಲಕ್ಷ 23 ಸಾವಿರ. ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಮಾನದಂಡ. ಗುಣಿಸಿ. ದಿನಕ್ಕೆ ಸುಮಾರು 3 ಕೋಟಿ ಲೀಟರ್. ಕಾಗದದ ಮೇಲೆ ತುಂಬಿದ ಡ್ಯಾಂ ಒಂದು ವರ್ಷ ಮೂರು ತಿಂಗಳಿಗೆ ಆಗುತ್ತೆ. ಆದರೆ 2011ರಿಂದ ಈಚೆಗೆ ಜನ ಹೆಚ್ಚಾಗಿದ್ದಾರೆ, ಹಳ್ಳಿಗಳ ಪಾಲು ಬೇರೆ ಇದೆ, ಬಿಸಿಲಿಗೆ ಆವಿಯಾಗೋದಿದೆ, ಪೈಪ್‌ನಲ್ಲಿ ಸೋರೋದಿದೆ, ತಳದ ನೀರು ಎತ್ತೋಕೆ ಬರಲ್ಲ. ಅಂದ್ರೆ ಒಂದು ಮಳೆಗಾಲ ಕೈ ಕೊಟ್ಟರೆ ಉಸಿರು ಬಿಗಿ ಹಿಡ್ಕೊಂಡೇ ಇರಬೇಕು.

ಈಗ ಹೋಟೆಲ್ ಲೆಕ್ಕ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಸಾಮಾನ್ಯ ಹೋಟೆಲ್‌ಗೆ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್, ಫೈವ್ ಸ್ಟಾರ್‌ಗೆ 320 ಲೀಟರ್. ನೂರು ರೂಮು, ಇನ್ನೂರು ಹಾಸಿಗೆ, ದೊಡ್ಡ ಹೋಟೆಲ್ ಅಂತಲೇ ಇಟ್ಕೊಳ್ಳಿ. ದಿನಕ್ಕೆ 64 ಸಾವಿರ ಲೀಟರ್. ಮೂರು ಪಟ್ಟಣದ 3 ಕೋಟಿ ಲೀಟರ್ ಎದುರಿಗೆ ಅದು ಐನೂರರಲ್ಲಿ ಒಂದು ಪಾಲಿನ ಆಸುಪಾಸು.

ಅಂದ್ರೆ "ಹೋಟೆಲ್ ಬಂದ್ರೆ ನಮ್ಮ ನೀರೆಲ್ಲಾ ಕುಡಿದುಬಿಡುತ್ತೆ" ಅನ್ನೋ ವಾದ ನಿಲ್ಲಲ್ಲ. ವಿರೋಧ ಮಾಡೋರು ಈ ವಾದ ಹಿಡ್ಕೊಂಡ್ರೆ ಮೊದಲ ಮೀಟಿಂಗ್‌ನಲ್ಲೇ ಸೋಲ್ತಾರೆ. ಕಂಪನಿಯವರು ಇದೇ ಲೆಕ್ಕನ ಪವರ್‌ಪಾಯಿಂಟ್‌ನಲ್ಲಿ ತೋರಿಸ್ತಾರೆ, ಎಲ್ಲರೂ ಕಾಫಿ ಕುಡಿದು ಎದ್ದು ಹೋಗ್ತಾರೆ.

ಹಾಗಾದ್ರೆ ಸಮಸ್ಯೆ ಎಲ್ಲಿದೆ? ನನ್ನ ಪ್ರಕಾರ ಎರಡು ಕಡೆ ಇದೆ.

ಒಂದು, ಒಳಗೆ ಹೋದ ನೀರು ಹೊರಗೆ ಬರೋದರಲ್ಲಿ. ಬಳಸಿದ ನೀರಲ್ಲಿ ನೂರಕ್ಕೆ ಎಂಬತ್ತು ಭಾಗ ಕೊಳಚೆ ಆಗುತ್ತೆ ಅನ್ನೋದು ಎಂಜಿನಿಯರ್‌ಗಳ ಲೆಕ್ಕ. ಅಂದ್ರೆ ಆ ಹೋಟೆಲ್‌ನಿಂದ ದಿನಕ್ಕೆ 50 ಸಾವಿರ ಲೀಟರ್. ಸಣ್ಣ ಟ್ಯಾಂಕರ್ ಲೆಕ್ಕದಲ್ಲಿ ಹತ್ತು ಟ್ಯಾಂಕರ್. ಅಲ್ಲೇ ಶುದ್ಧೀಕರಣ ಘಟಕ ಹಾಕ್ತೀವಿ ಅಂತಾರೆ, ಹಾಕಬೇಕು ಕೂಡ. ಆದರೆ ಕರೆಂಟ್ ಹೋದ ದಿನ, ಮೋಟರ್ ಸುಟ್ಟ ದಿನ, ಆಪರೇಟರ್ ಬಾರದ ಭಾನುವಾರ, ಆ ಹತ್ತು ಟ್ಯಾಂಕರ್ ನೀರು ಇಳಿಜಾರು ನೋಡ್ಕೊಂಡೇ ಹೋಗುತ್ತೆ. ಕಟ್ಟಡ ಡ್ಯಾಂನ ಮೇಲ್ಭಾಗದ ದಡದಲ್ಲಿದ್ರೆ ಇಳಿಜಾರು ಯಾವ ಕಡೆ? ನಾವು ಕುಡಿಯೋ ನೀರಿನ ಕಡೆ.

ಎರಡನೇದು ಇನ್ನೂ ಮುಖ್ಯ. ಇದನ್ನ ಜನ ಕಡಿಮೆ ಮಾತಾಡ್ತಾರೆ. ಕುಡಿಯೋ ನೀರಿನ ಡ್ಯಾಂ ಏಪ್ರಿಲ್, ಮೇ ತಿಂಗಳಲ್ಲಿ ಖಾಲಿ ಆಗ್ಲೇಬೇಕು. ಅದರ ಕೆಲಸವೇ ಅದು. ಮಳೆಗಾಲದಲ್ಲಿ ಹಿಡಿದಿಟ್ಟು ಬೇಸಿಗೆಯಲ್ಲಿ ಕೊಡೋದು. ಬೇಸಿಗೆ ಕೊನೆಗೆ ತಳದ ಕೆಸರು ಕಾಣಿಸಿದ್ರೆ ಡ್ಯಾಂ ತನ್ನ ಕೆಲಸ ಮಾಡಿದೆ ಅಂತ ಅರ್ಥ. ಆದರೆ ನೀರಿನ ದಡದ ಹೋಟೆಲ್ ಮಾರೋದು ಏನನ್ನ? ಕಿಟಕಿ ಮುಂದಿನ ತುಂಬಿದ ನೀರನ್ನ. ಬೋಟಿಂಗ್ ಮಾಡೋಕೆ ಆಳ ಬೇಕು. ಬೇಸಿಗೆ ರಜ ಅಂದ್ರೆ ಏಪ್ರಿಲ್, ಮೇ. ಶಾಲೆಗೆ ರಜ, ರೂಮಿಗೆ ಡಿಮ್ಯಾಂಡ್. ನಮಗೆ ನೀರು ಅತಿ ಹೆಚ್ಚು ಬೇಕಾದ ತಿಂಗಳಲ್ಲೇ ಅವರಿಗೆ ನೀರು ಅಲ್ಲೇ ನಿಂತಿರಬೇಕು. ಅವರು ಒಂದು ಲೋಟ ನೀರೂ ಹೆಚ್ಚಿಗೆ ಕುಡಿಯೋದು ಬೇಡ, ಈ ಜಗಳ ಇದ್ದೇ ಇರುತ್ತೆ. "ಇನ್ನೊಂದು ವಾರ ಪಂಪ್ ಕಡಿಮೆ ಓಡಿಸಿ ಸಾರ್" ಅಂತ ಒಂದು ಫೋನ್ ಸಾಕು. ಬಂಗಾರಪೇಟೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಬರೋ ನಲ್ಲಿ ನೀರು ಆರು ದಿನಕ್ಕೊಮ್ಮೆ ಆಗುತ್ತೆ, ಕಾರಣ ಯಾರಿಗೂ ಗೊತ್ತಾಗಲ್ಲ.

ಹಾಗಾಗಿ ಈ ಯೋಜನೆ ಬಗ್ಗೆ ಯಾರಾದ್ರೂ ಚಂದದ ವಿಡಿಯೊ ತೋರಿಸಿದ್ರೆ, ನವೆಂಬರ್ ತಿಂಗಳ ಡ್ರೋನ್ ಶಾಟ್ ನೋಡಿ ತೀರ್ಮಾನ ಮಾಡಬೇಡಿ. ಏಪ್ರಿಲ್ ತಿಂಗಳ ದಡದಲ್ಲಿ ನಿಂತು ಯೋಚನೆ ಮಾಡಿ.

ಇದು ನಮ್ಮಲ್ಲಿ ಮಾತ್ರ ಇರೋ ಚರ್ಚೆ ಅಲ್ಲ. ಕೆಆರ್‌ಎಸ್ ಕಡೆ ಹೋಗಿ ಬರೋಣ. ಕೆಜಿಎಫ್‌ಗೂ ಅದಕ್ಕೂ ಹಳೇ ಸಂಬಂಧ ಇದೆ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ನಮ್ಮ ಗಣಿಗಳಿಗೆ ಕರೆಂಟ್ ತಂದರು. ಬೇಸಿಗೆಯಲ್ಲಿ ನದಿ ಇಳಿದ್ರೆ ಕರೆಂಟೂ ಇಳೀತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರು ಮಾಡುವಾಗ ಮಂಡ್ಯದ ಗದ್ದೆಗೆ ನೀರು ಅನ್ನೋದರ ಜೊತೆ, ಕೋಲಾರದ ಗಣಿಗೆ ತಪ್ಪದೆ ಕರೆಂಟ್ ಅನ್ನೋದೂ ಒಂದು ಕಾರಣ ಆಗಿತ್ತು. ನಮ್ಮೂರ ದೀಪಕ್ಕೋಸ್ಕರವೂ ಕಟ್ಟಿದ ಅಣೆಕಟ್ಟೆ ಅದು.

ಆ ಕೆಆರ್‌ಎಸ್‌ನಲ್ಲಿ 2018ರಲ್ಲಿ ಡಿಸ್ನಿಲ್ಯಾಂಡ್ ಮಾದರಿ ಪಾರ್ಕ್ ಮಾಡ್ತೀವಿ ಅಂತ ಸರ್ಕಾರ ಘೋಷಿಸಿತು. ಆಮೇಲೆ ತಣ್ಣಗಾಯ್ತು. 2024ರಲ್ಲಿ ಮತ್ತೆ ಎದ್ದು ಬಂತು. ಬೃಂದಾವನ ಉದ್ಯಾನವನ್ನ ವಿಶ್ವದರ್ಜೆಗೆ ಏರಿಸೋ 2,600 ಕೋಟಿ ರೂಪಾಯಿಗೂ ಹೆಚ್ಚಿನ ಯೋಜನೆ, ಖಾಸಗಿ ಸಹಭಾಗಿತ್ವದಲ್ಲಿ. 2025ರಲ್ಲಿ ಕಾವೇರಿ ಆರತಿ ಅಂತ ಇನ್ನೊಂದು. ಮಂಡ್ಯದ ರೈತ ಸಂಘಟನೆಗಳು ಬೀದಿಗೆ ಇಳಿದವು. ಕಟ್ಟೆಯ ಭದ್ರತೆ ಏನಾಗುತ್ತೆ, ನಾಲೆ ದುರಸ್ತಿಗೆ ಇಲ್ಲದ ದುಡ್ಡು ಪಾರ್ಕಿಗೆ ಎಲ್ಲಿಂದ ಬಂತು ಅಂತ ಕೇಳಿದರು. ಬೇಕು ಅನ್ನೋರೂ ಇದ್ದರು. ಮೈಸೂರಿಗೆ ಬರೋ ಪ್ರವಾಸಿ ಒಂದು ದಿನ ಹೆಚ್ಚು ಉಳಿದ್ರೆ ನಮ್ಮ ಹುಡುಗರಿಗೆ ಕೆಲಸ ಅಂತ. ಮಂಡ್ಯದ ಜಾಗದಲ್ಲಿ ಬಂಗಾರಪೇಟೆ ಅಂತ ಬರೆದ್ರೆ ಅದೇ ಮಾತು, ಅದೇ ಜಗಳ.

ಆದರೆ ಕೆಆರ್‌ಎಸ್‌ನಿಂದ ಕಲಿಯೋಕೆ ಒಂದು ಸರಳ ವಿಷಯ ಇದೆ. "ಬೃಂದಾವನ ಮಾದರಿ" ಅಂತ ಬಾಯಿ ತುಂಬಾ ಹೇಳ್ತೀವಲ್ಲ, ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಮಾಡಿದ ಬೃಂದಾವನ ಇರೋದು ಎಲ್ಲಿ? ಕಟ್ಟೆಯ ಕೆಳಗೆ. ಅಲ್ಲಿ ಬಿದ್ದ ಕಸ ಜಲಾಶಯಕ್ಕೆ ವಾಪಸ್ ಹೋಗಲ್ಲ. ಜಲಾಶಯ ಬೇಸಿಗೆಯಲ್ಲಿ ಇಳಿದ್ರೂ ಉದ್ಯಾನದ ಹೂವಿಗೆ, ಕಾರಂಜಿಗೆ ಅದು ಕಣ್ಣಿಗೆ ಹೊಡೆಯೋ ವಿಷಯ ಆಗಲ್ಲ. ನಮ್ಮಲ್ಲಿ ಬರೋ ಕನಸಿನ ಚಿತ್ರದಲ್ಲಿ ಮಾತ್ರ ಕಾಟೇಜುಗಳು ನೀರಿನ ಅಂಚಲ್ಲೇ ಇರ್ತವೆ. ಮಾದರಿ ಅಂದ್ರೆ ಪೂರ್ತಿ ಮಾದರಿ ತಗೊಳ್ಳಿ. ಬರೇ ಹೆಸರು ತಗೋಬೇಡಿ.

ಇನ್ನೊಂದು ಪಾಠ ನಮ್ಮ ಮನೆಯಲ್ಲೇ ಇದೆ. ಬೇತಮಂಗಲ. ಪಾಲಾರ್ ನದಿಗೆ ಕಟ್ಟಿದ ಹಳೇ ಕೆರೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಲ್ಲಿಂದ ನೀರು ಶುದ್ಧ ಮಾಡಿ, ಪಂಪ್ ಮಾಡಿ ಕೆಜಿಎಫ್‌ಗೆ ತಂದರು. ಜಾನ್ ಟೇಲರ್ ಕಂಪನಿಯ ಕಾಲ. ಗಣಿಗೂ ನೀರು, ಗಣಿ ಕಾಲೊನಿಗೂ ನೀರು. ಒಂದು ಕೆರೆ, ಒಂದು ದೊಡ್ಡ ಗಿರಾಕಿ. ಗಿರಾಕಿ ಗಟ್ಟಿ ಇರೋ ತನಕ ಎಲ್ಲವೂ ಓಡ್ತು. 2001ರಲ್ಲಿ ಗಿರಾಕಿ ಬಾಗಿಲು ಹಾಕಿದ. ಏನು ಉಳೀತು? ಊರ ಸುತ್ತ ಸೈನೈಡ್ ದಿಬ್ಬಗಳು. ಸಿನಿಮಾದಲ್ಲಿ ನೋಡಿದ್ರಲ್ಲ, ಅದೇ ದಿಬ್ಬ. ಗಾಳಿ ಬಂದ್ರೆ ಧೂಳು. ಸುಮಾರು 33 ಮಿಲಿಯನ್ ಟನ್ ಮಣ್ಣು, ಸಾವಿರ ಎಕರೆ, 13 ದಿಬ್ಬ. ಅದರಲ್ಲಿ ಉಳಿದಿರೋ ಚಿನ್ನ ತೆಗೆಯೋಕೆ ರಾಜ್ಯ ಸಂಪುಟ ಒಪ್ಪಿದ್ದು 2024ರ ಜೂನ್‌ನಲ್ಲಿ. ಗಣಿ ಮುಚ್ಚಿ 23 ವರ್ಷ ಆದ್ಮೇಲೆ.

ಹೋಟೆಲ್‌ಗೂ ಗಣಿಗೂ ಹೋಲಿಕೆ ಮಾಡೋದು ಅತಿ ಆಯ್ತು ಅಂತ ನೀವು ಹೇಳಬಹುದು. ಗಾತ್ರದಲ್ಲಿ ಹೌದು. ಆದರೆ ಕೆಜಿಎಫ್‌ನಲ್ಲಿ ಬೆಳೆದವರಿಗೆ ಒಂದು ಪ್ರಶ್ನೆ ತಾನಾಗೇ ಬರುತ್ತೆ. ಉದ್ಘಾಟನೆ ದಿನ ಯಾರು ಬರ್ತಾರೆ ಅನ್ನೋದು ಎಲ್ಲರಿಗೂ ಗೊತ್ತು, ಬಾಗಿಲು ಹಾಕಿದ ದಿನ ಯಾರು ಇರ್ತಾರೆ? ದಡದಲ್ಲಿ ಅರ್ಧ ಕಟ್ಟಿದ, ಇಲ್ಲಾ ನಡೆಯದೆ ನಿಂತ ರೆಸಾರ್ಟ್‌ನ ಯಾರು ಕಿತ್ತು ಹಾಕ್ತಾರೆ? ಯಾರ ದುಡ್ಡಲ್ಲಿ?

ಈಗ ಕಾನೂನಿನ ಮಾತು. ಬೋರ್ ಹೊಡಿಸಲ್ಲ, ಎರಡೇ ನಿಮಿಷ.

ತುಂಬಾ ಜನ ಅಂದ್ಕೊಂಡಿರ್ತಾರೆ, ದೊಡ್ಡ ಯೋಜನೆ ಬಂದ್ರೆ ಸರ್ಕಾರ ಸಾರ್ವಜನಿಕ ಅಹವಾಲು ಸಭೆ ಕರೆದೇ ಕರೆಯುತ್ತೆ, ಅವತ್ತು ಹೋಗಿ ಮಾತಾಡಿದ್ರೆ ಆಯ್ತು ಅಂತ. ಹೋಟೆಲ್ ವಿಷಯದಲ್ಲಿ ಹಾಗಲ್ಲ. ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ 20 ಸಾವಿರ ಚದರ ಮೀಟರ್‌ಗಿಂತ ಕಡಿಮೆ ಇರೋ ಕಟ್ಟಡಕ್ಕೆ ಪರಿಸರ ಅನುಮತಿಯೇ ಬೇಕಾಗಿಲ್ಲ. ಅದಕ್ಕಿಂತ ದೊಡ್ಡದಾದ್ರೆ ಅನುಮತಿ ಬೇಕು, ಆದರೆ ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಇದೆ. ಸಣ್ಣದಾದ್ರೂ ನಮ್ಮನ್ನ ಕೇಳಲ್ಲ, ದೊಡ್ಡದಾದ್ರೂ ಕೇಳಲ್ಲ. ಸಮುದ್ರ ದಡಕ್ಕೆ ಕರಾವಳಿ ನಿಯಂತ್ರಣ ವಲಯ ಅಂತ ಒಂದು ನಿಯಮ ಇದೆ, ಒಳನಾಡಿನ ಡ್ಯಾಂ ದಡಕ್ಕೆ ಅದು ಬರಲ್ಲ.

ಕೆರೆಗಳಿಗೆ ಒಂದು ರಕ್ಷಣೆ ಇದೆ. 2014ರ ರಾಜ್ಯದ ಕಾಯ್ದೆಯಲ್ಲಿ ಕೆರೆ ಗಡಿಯಿಂದ 30 ಮೀಟರ್ ಒಳಗೆ ವಾಣಿಜ್ಯ ಕಟ್ಟಡ, ಮನರಂಜನಾ ಕಟ್ಟಡ ಕಟ್ಟೋಹಾಗಿಲ್ಲ ಅಂತ ಇತ್ತು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಂದು ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕೆರೆಯ ಗಾತ್ರ ನೋಡಿ ಈ ಅಂತರ ಕಡಿಮೆ ಮಾಡೋದು ಅದರ ಉದ್ದೇಶ. ನೂರು ಎಕರೆ ದಾಟಿದ ಕೆರೆಗೆ 30 ಮೀಟರ್, ಚಿಕ್ಕ ಕೆರೆಗೆ ಅದಕ್ಕಿಂತ ಕಡಿಮೆ. ಸರಿ, 30 ಮೀಟರ್ ಅಂದ್ರೆ ಎಷ್ಟು? ಕ್ರಿಕೆಟ್ ಪಿಚ್ 20 ಮೀಟರ್ ಇರುತ್ತೆ. ಒಂದೂವರೆ ಪಿಚ್. ಒಂದು ಮಳೆ ಬಂದ್ರೆ ಆ ದೂರ ದಾಟೋಕೆ ಕೊಳಚೆಗೆ ಎಷ್ಟು ಹೊತ್ತು ಬೇಕು ನೀವೇ ಹೇಳಿ.

ಹಾಗಾದ್ರೆ ನಮ್ಮ ಮಾತು ಎಲ್ಲಿ ಹೇಳೋದು? ಗ್ರಾಮಸಭೆ. ನಗಬೇಡಿ. ಗ್ರಾಮಸಭೆ ಅಂದ್ರೆ ಮನೆ ಹಂಚಿಕೆ ಪಟ್ಟಿ ಓದೋದು, ಸಹಿ ಹಾಕೋದು ಅಷ್ಟೇ ಅಂತ ಅಂದ್ಕೊಂಡಿದ್ದೀವಿ. ಆದರೆ ಆರು ತಿಂಗಳಿಗೊಮ್ಮೆ ಕಡ್ಡಾಯವಾಗಿ ಸೇರಬೇಕಾದ, ನಡಾವಳಿ ಪುಸ್ತಕದಲ್ಲಿ ಬರೆಯಬೇಕಾದ ಸಭೆ ಅದು. ಅಲ್ಲಿ ಬರೆಸಿದ ನಿರ್ಣಯ ಮುಂದೆ ಕೋರ್ಟ್‌ಗೆ ಹೋದಾಗಲೂ ಕೈಯಲ್ಲಿರೋ ಕಾಗದ. ಇಲ್ಲಿ ಒಂದು ತೊಡಕು ಇದೆ. ದಡದ ಹಳ್ಳಿಯವರಿಗೆ ಆ ಗ್ರಾಮಸಭೆಯಲ್ಲಿ ಜಾಗ ಇದೆ, ನೀರು ಕುಡಿಯೋ ಕೋಲಾರ, ಬಂಗಾರಪೇಟೆ, ಮಾಲೂರಿನವರಿಗೆ ಇಲ್ಲ. ಹಾಗಾಗಿ ಪಟ್ಟಣದವರು ತಮ್ಮ ನಗರಸಭೆ, ಪುರಸಭೆ ಸದಸ್ಯರ ಮೂಲಕ ಕೇಳಬೇಕು. ಹಳ್ಳಿಯವರಿಗೆ ಕೆಲಸದ ಆಸೆ, ಪಟ್ಟಣದವರಿಗೆ ನೀರಿನ ಭಯ, ಇವೆರಡನ್ನೂ ಎದುರಾಬದುರು ನಿಲ್ಲಿಸಿದ್ರೆ ಗೆಲ್ಲೋದು ಮೂರನೆಯವರು.

ಕೇಳೋದಾದ್ರೆ ಏನು ಕೇಳಬೇಕು? ನಾನು ನಾಲ್ಕು ಮಾತು ಬರ್ಕೊಂಡಿದ್ದೀನಿ. ಸ್ಕ್ರೀನ್‌ಶಾಟ್ ತಗೊಂಡು ಇಟ್ಕೊಳ್ಳಿ.

ಮೊದಲನೇದು, ಏಪ್ರಿಲ್ ಷರತ್ತು. ಜಲಾಶಯದ ನೀರನ್ನ ಎಷ್ಟು ಎತ್ತಬೇಕು, ಯಾವಾಗ ಎತ್ತಬೇಕು ಅನ್ನೋದು ನೀರು ಸರಬರಾಜು ಮಾಡೋ ಮಂಡಳಿಯ ತೀರ್ಮಾನ ಮಾತ್ರ. ನೀರಿನ ಮಟ್ಟ ಕಾಯ್ದುಕೊಳ್ಳೋ ಭರವಸೆ ಯಾವ ಒಪ್ಪಂದದಲ್ಲೂ ಇರಬಾರದು. ಬೇಸಿಗೆಯಲ್ಲಿ ಕೆಸರು ಕಂಡ್ರೂ ಪರಿಹಾರ ಕೇಳಲ್ಲ ಅಂತ ಹೂಡಿಕೆದಾರರು ಸಹಿ ಹಾಕಬೇಕು. ಹಾಕಲ್ಲ ಅಂದ್ರೆ ಅವರ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಯ್ತಲ್ಲ.

ಎರಡನೇದು, ಇಳಿಜಾರಿನ ಷರತ್ತು. ಜಲಾಶಯಕ್ಕೆ ನೀರು ಹರಿದು ಬರೋ ಬದಿಯಲ್ಲಿ ಮಲಗೋ ರೂಮು, ಅಡುಗೆಮನೆ, ಶೌಚಾಲಯ ಬೇಡ. ನೋಡೋ ಜಾಗ, ನಡೆಯೋ ದಾರಿ, ಕೂರೋ ಕಟ್ಟೆ ಸಾಕು. ಕಟ್ಟಡ ಬೇಕೇ ಬೇಕು ಅಂದ್ರೆ ಅಣೆಕಟ್ಟೆಯ ಕೆಳಗೆ, ಭದ್ರತೆಗೆ ಬೇಕಾದ ದೂರ ಬಿಟ್ಟು. ಇನ್ನೂ ಒಳ್ಳೇದು, ಉಳ್ಕೊಳ್ಳೋ ವ್ಯವಸ್ಥೆ ಬಂಗಾರಪೇಟೆ, ಕೆಜಿಎಫ್ ಪಟ್ಟಣದೊಳಗೇ ಇರಲಿ. ಕೆಜಿಎಫ್‌ನಲ್ಲಿ ಬ್ರಿಟಿಷರ ಕಾಲದ ಬಂಗಲೆಗಳು ಹೆಂಚು ಉದುರಿ ನಿಂತಿವೆ. ಅಂಥ ಕಟ್ಟಡ ರಿಪೇರಿ ಮಾಡಿ ಹತ್ತು ರೂಮು ಮಾಡಿದ್ರೆ ಬಂದವರಿಗೆ ಬೆಂಗಳೂರಲ್ಲಿ ಸಿಗದ ಅನುಭವ ಆಗುತ್ತೆ. ಬೆಳಗ್ಗೆ ಬೇತಮಂಗಲ, ಮಧ್ಯಾಹ್ನ ಕೋಟಿಲಿಂಗ, ಸಂಜೆ ಯರಗೋಳ್ ನೋಡಿ ಬಂದು ಪಾನಿಪುರಿ. ದುಡ್ಡು ಒಂದೇ ಗೇಟಿನೊಳಗೆ ಹೋಗದೆ ಹತ್ತು ಅಂಗಡಿಗೆ ಹೋಗುತ್ತೆ.

ಮೂರನೇದು, ಕೆಲಸದ ಷರತ್ತು. "ಸ್ಥಳೀಯರಿಗೆ ಆದ್ಯತೆ" ಅನ್ನೋ ವಾಕ್ಯಕ್ಕೆ ಬೆಲೆ ಇಲ್ಲ. ಎಷ್ಟು ಹುದ್ದೆ, ಯಾವ ಹುದ್ದೆ, ಯಾವ ಸಂಬಳ, ಪಿಎಫ್ ಇದೆಯಾ, ಗುತ್ತಿಗೆ ಏಜೆನ್ಸಿ ಮೂಲಕವಾ ನೇರವಾ ಅಂತ ಬರೆಯಬೇಕು. ತೋಟ ಗುಡಿಸೋದು, ಗೇಟ್ ಕಾಯೋದು ಮಾತ್ರ ನಮ್ಮವರಿಗೆ, ಫ್ರಂಟ್ ಆಫೀಸ್, ಅಕೌಂಟ್ಸ್ ಎಲ್ಲಾ ಹೊರಗಿನವರಿಗೆ ಅಂದ್ರೆ ಟ್ರೈನ್ ಹತ್ತೋದು ತಪ್ಪಲ್ಲ. ಜಾಗ ಸರ್ಕಾರದ್ದಾದ್ರೆ ಗುತ್ತಿಗೆ ಮಾತ್ರ, ಮಾರಾಟ ಬೇಡ. ಗುತ್ತಿಗೆ ಹಣದಲ್ಲಿ ಜಮೀನು ಕೊಟ್ಟ ಹಳ್ಳಿಗಳ ಪಂಚಾಯಿತಿಗೆ ಪಾಲು.

ನಾಲ್ಕನೇದು, ಬಾಗಿಲು ಹಾಕೋ ಷರತ್ತು. ಇದು ಕೆಜಿಎಫ್‌ನವರ ಷರತ್ತು ಅಂತಲೇ ಹೆಸರಿಡೋಣ. ವ್ಯವಹಾರ ನಿಂತರೆ ಕಟ್ಟಡ ತೆರವು ಮಾಡಿ ದಡ ಮೊದಲಿದ್ದ ಹಾಗೆ ಮಾಡೋಕೆ ಬೇಕಾಗೋ ಹಣ ಶುರುವಿನಲ್ಲೇ ಠೇವಣಿ ಇಡಬೇಕು. ಜೊತೆಗೆ, ನಡೆಯೋ ದಿನಗಳಲ್ಲೂ ದನ ನೀರಿಗೆ ಇಳಿಯೋ ದಾರಿ, ಮೀನು ಹಿಡಿಯೋರ ದಾರಿ, ನಾವು ನೀವು ಸಂಜೆ ಹೋಗಿ ಕೂರೋ ದಾರಿ ಮುಚ್ಚಬಾರದು. ನಮ್ಮದೇ ನೀರು ನೋಡೋಕೆ ಐನೂರು ರೂಪಾಯಿ ಎಂಟ್ರಿ ಅಂದ್ರೆ ಯಾರಿಗೆ ಬೇಕು?

ಈ ನಾಲ್ಕಕ್ಕೂ ಒಪ್ಪಿ ಒಬ್ಬರು ಬಂದ್ರೆ, ನಾನು ಹೋಟೆಲ್ ಪರ. ಟ್ರೈನ್ ಪ್ಲಾಟ್‌ಫಾರ್ಮ್‌ನಲ್ಲಿ ನಿಂತಿರೋರ ಮುಖ ನೋಡಿಯೂ "ಏನೂ ಬೇಡ" ಅನ್ನೋಕೆ ನನಗೆ ಬಾಯಿ ಬರಲ್ಲ. ಒಪ್ಪದಿದ್ರೆ, ಆ ನೀರು ನೀರಾಗೇ ಇರಲಿ. ಆ ಡ್ಯಾಂ ಕಟ್ಟಬಾರದು ಅಂತ ತಮಿಳುನಾಡು ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ತಡೆ ಕೊಡೋಕೆ ಕೋರ್ಟ್ ಒಪ್ಪದೇ ಇದ್ದದ್ದು 2019ರ ನವೆಂಬರ್‌ನಲ್ಲಿ. ಅವತ್ತು ಕರ್ನಾಟಕ ಹಿಡಿದಿದ್ದ ವಾದ, ಇದು ಕುಡಿಯೋ ನೀರು ಅಂತ. ನ್ಯಾಯಾಲಯದಲ್ಲಿ ಕುಡಿಯೋ ನೀರು ಅಂದು, ಬ್ರೋಷರ್‌ನಲ್ಲಿ ಲೇಕ್ ವ್ಯೂ ಅಂದ್ರೆ ಕೆಳಗಿನ ಊರಿನವರಿಗೆ ನಾವು ಯಾವ ಮುಖ ಇಟ್ಕೊಂಡು ಉತ್ತರ ಕೊಡೋದು?

ಒಂದು ಕೆಲಸ ಹೇಳಿ ಮುಗಿಸ್ತೀನಿ. ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಯರಗೋಳ್, ಬೇತಮಂಗಲ ದಡದ ಜಾಗದ ಸರ್ವೆ ನಂಬರ್‌ಗಳು ಯಾವುವು, ಅದರಲ್ಲಿ ಪ್ರವಾಸೋದ್ಯಮಕ್ಕೆ ಅಂತ ಯಾವುದಾದ್ರೂ ಪ್ರಸ್ತಾವ ಇದೆಯಾ, ಕಳೆದ ಮೂರು ವರ್ಷ ಪ್ರತಿ ತಿಂಗಳು ನೀರಿನ ಮಟ್ಟ ಎಷ್ಟಿತ್ತು, ಈ ಮೂರೇ ಪ್ರಶ್ನೆ. ನಾಲ್ಕು ಜನ ಫ್ರೆಂಡ್ಸ್ ಸೇರಿ ಹಾಕಿ. ಬಂದ ಉತ್ತರ ತಗೊಂಡು ಮುಂದಿನ ಗ್ರಾಮಸಭೆಗೆ ಹೋಗಿ. ಹೋಗೋವಾಗ ಫೋನ್‌ನಲ್ಲಿ ಎರಡು ಫೋಟೊ ಇರಲಿ. ನವೆಂಬರ್‌ದೊಂದು, ಏಪ್ರಿಲ್‌ದೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.